ಹಸಿ ಎಳೆ

ನಿಂಬೆಹಣ್ಣಿನ ವಾಸನೆ, ಆದರೆ ಬರೀ ನಿಂಬೆಹಣ್ಣಿನದಲ್ಲ, ಅದರ ಅಡಿಗೆ ಇನ್ನೊಂದು ಕೂತಿದೆ, ಸಿಹಿ, ಹೊಲಸು ಸಿಹಿ, ಹಣ್ಣಾಗಿ ಒಡೆದು ಇರುವೆ ಮುತ್ತಿದ ಸೀತಾಫಲದ್ದು — ಕ್ಲೋರೋಫಾರ್ಮು ಎಲ್ಲಿಗೆ ಹೋದೀತು, ನಾಲ್ಕು ಹಣ್ಣು ಕೊಯ್ದಿಟ್ಟರೆ ಹೆದರಿ ಕಿಟಕಿ ಹಾರೀತೇ, ಅಲ್ಮಾಸ ಮೂಗು ಬಿಟ್ಟು ಬಾಯಿಂದ ಉಸಿರೆಳೆದಳು, ನಾಲಿಗೆಗೂ ಅದೇ ಹತ್ತಿತು, ಉಗುಳಬೇಕೆನಿಸಿತು, ಉಗುಳಲು ಜಾಗವೆಲ್ಲಿ, ಅಟೆಂಡರ್ ಯಲ್ಲಾಲಿಂಗ ಬೆಳಿಗ್ಗೆಯಿಂದ ಎರಡು ಸಲ ಫಿನಾಯಿಲ್ ಹಾಕಿ ಪ್ರಯೋಗಶಾಲೆಯ ನೆಲ ಒರೆಸಿದ್ದಾನೆ, ಮೂರನೆಯ ಸಲ ಒರೆಸು ಎಂದರೆ ಕೆಲಸ ಬಿಟ್ಟು ಕನ್ನೊಳ್ಳಿಗೆ ಹೋಗಿ ತೊಗರಿ ಹೊಲ ನೋಡಿಕೊಳ್ಳುತ್ತೇನೆ ಎನ್ನುತ್ತಾನೆ, ಇಪ್ಪತ್ತು ವರ್ಷದಿಂದ ಹಾಗೇ ಅನ್ನುತ್ತಿದ್ದಾನಂತೆ. ನಿಂಬೆಹಣ್ಣು ಅವಳ ಗೈಡು ಸಂಗಮೇಶ ಸರ್ ಇಂಡಿ ತಾಲೂಕಿನ ತಮ್ಮ ತೋಟದಿಂದ ತಂದದ್ದು, ಒಂದು ಚೀಲ, ಅರ್ಧ ಕಮಿಟಿಯವರ ಕಾರಿಗೆ, ಅರ್ಧ ಇಲ್ಲಿನ ಮೂಲೆಮೂಲೆಗೆ, ಬಂದವರ ಮೂಗಿಗೆ ನಿಮ್ಮ ಔಷಧದ ನಾತ ಬಡೀಬಾರ್ದು ನೋಡವಾ, ತಾಜಾ ಅನಸಬೇಕು, ತಾಜಾ. ನಿಮ್ಮ ಔಷಧ ಅಂದರು. ಪ್ರಬಂಧ ಅಚ್ಚಾದಾಗ ಹೆಸರು ಮೊದಲು ಅವರದು, ನಾತ ಬಂದಾಗ ಅವಳದು. ಅಗೋ, ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒತ್ತಿ ಕಾಗದ ತಿರುವುತ್ತಿದ್ದಾರೆ, ಒಂದು ಹಾಳೆ, ನಾಲಿಗೆ, ಇನ್ನೊಂದು ಹಾಳೆ, ನಾಲಿಗೆ, ಅದೇ ಹೆಬ್ಬೆರಳಿನಿಂದ ಈಗಷ್ಟೆ ಮಾಸ್ಕಿನ ಒಳಗಿನ ಹಸಿರು ಬಿಲ್ಲೆಯನ್ನು ಒತ್ತಿ ನೋಡಿದರು, ಭಾಳ ಛಲೋ ಬಂದೈತಿ ಅಂದರು. ಹತ್ತು ಗಂಟೆ. ಹನ್ನೊಂದಕ್ಕೆ ಪರಿಶೀಲನಾ ಕಮಿಟಿ, ಮೂರು ಜನ, ವಿಜಯಪುರದಿಂದ ಕಾರಿನಲ್ಲಿ ಹೊರಟವರು ಬಸವನ ಬಾಗೇವಾಡಿ ದಾಟಿದರೆಂದು ಫೋನು ಬಂತು. ಮುದ್ದೇಬಿಹಾಳದ ಹೊರಗೆ, ಸಜ್ಜೆ ಸೂರ್ಯಕಾಂತಿಯ ಹೊಲಗಳ ನಡುವೆ ಎದ್ದ ಈ ಕಾಲೇಜಿಗೆ ಅವರು ಅಷ್ಟು ದೂರದಿಂದ ಬರುವುದು ಒಂದು ಮಾಸ್ಕು ನೋಡಲು, ದವಾಖಾನೆಯಲ್ಲಿ ಆಮ್ಲಜನಕಕ್ಕೆ ಹಾಕುತ್ತಾರಲ್ಲ ಅಂಥದೇ ತಿಳಿ ಪ್ಲಾಸ್ಟಿಕ್ಕಿನದು, ಅದರ ಮುಂದಿನ ತೂತಿಗೆ ಹಸಿರು ಬಿಲ್ಲೆ, ಕರೆಂಟು ಹರಿಯುವ ಪ್ಲಾಸ್ಟಿಕ್ಕಿನ ಎಳೆಗಳನ್ನು ಒತ್ತೊತ್ತಾಗಿ ಹಾಸಿ ಮಾಡಿದ್ದು, ಉಸಿರು ಬಿಟ್ಟಾಗ ತೇವಕ್ಕೆ ಕರೆಂಟು ಏರುತ್ತದೆ, ಎಳೆದಾಗ ಇಳಿಯುತ್ತದೆ, ಪರದೆಯ ಮೇಲೆ ಗುಡ್ಡ, ಕೊಳ್ಳ, ಗುಡ್ಡ, ಕೊಳ್ಳ — ಎದೆ ಕೆಟ್ಟವನದಾದರೆ ಗಿಡ್ಡ ಗುಡ್ಡ. ತೋರಿಸಲು ಒಬ್ಬ ಎದೆ ಕೆಟ್ಟವನು ಬೇಕು. ಹೊರಗಿನವರನ್ನ ಎಲ್ಲಿ ಹುಡುಕೂದವಾ, ನಿಮ್ಮ ಅಪ್ಪಾರೇ ಅದಾರಲ್ಲ, ಪಿಂಜಾರಕಿ ಮಾಡಿ, ಹತ್ತಿ ಹಿಂಜಿ ಹಿಂಜಿ ಎದಿ ಕೆಟ್ಟೈತಿ ಅಂತ ನೀನ ಹೇಳ್ತಿದ್ದಿ. ಹದಿನೈದು ದಿನದ ಹಿಂದೆ ಸರ್ ಆಡಿದ ಮಾತು. ತಾನು ಏನಂದೆ — ಹೂಂ ಸರ್ ಅಂದೆ. ಪಿಎಚ್.ಡಿ.ಗೆ ಸೇರಿ ಆರನೆಯ ವರ್ಷ, ಈ ಸಲವೂ ಮಹಾಪ್ರಬಂಧದ ಮೇಲೆ ಅವರ ಸಹಿ ಬೀಳದಿದ್ದರೆ ನೋಂದಣಿಯೇ ರದ್ದು, ಆರು ವರ್ಷ ಗಾಳಿಗೆ, ಹೂಂ ಎನ್ನದೆ ಏನನ್ನಬೇಕಿತ್ತು.

ಅಪ್ಪ ನಾಲತವಾಡದಿಂದ ಬಸ್ಸು ಹತ್ತಿರಬೇಕು. ಕಿಟಕಿಯ ಹತ್ತಿರ ಕೂತಿರಬೇಕು, ಕೆಮ್ಮು ಬಂದರೆ ತಲೆ ಹೊರಗೆ ಹಾಕಲು. ಹೊರಗೆ ಮಳೆ, ಜೋರಿಲ್ಲ, ಬಿಟ್ಟೂ ಇಲ್ಲ, ಏಳು ದಿನವಾಯಿತು, ಗೋಡೆಯ ಮೇಲಿನ ತೇವಮಾಪಕ ಎಪ್ಪತ್ತೆಂಟು ತೋರಿಸುತ್ತಿದೆ, ನಲವತ್ತರ ಮೇಲೆ ಹೋದರೆ ಎಳೆ ತೆಗೆಯಬಾರದೆಂದು ಅವಳೇ ಕೈಬರಹದಲ್ಲಿ ಬರೆದು ಅಂಟಿಸಿದ ಚೀಟಿ ಅದರ ಪಕ್ಕದಲ್ಲೇ ಇದೆ, ಚೀಟಿಗೂ ಬೂಸಲು ಹಿಡಿದಿದೆ. ಯಂತ್ರವೆಂದರೆ ಏನು ಮಹಾ, ಒಂದು ಸಿರಿಂಜು, ಅದರಲ್ಲಿ ಹಸಿರು ದ್ರಾವಣ, ಮೊಂಡು ಸೂಜಿಗೆ ಹದಿನೆಂಟು ಸಾವಿರ ವೋಲ್ಟು, ಒಂದು ಗೇಣು ದೂರದಲ್ಲಿ ಅಲ್ಯುಮಿನಿಯಂ ಹಾಳೆ ಸುತ್ತಿದ ಉರುಳೆ, ಅದರ ತಂತಿ ಭೂಮಿಗೆ. ಸೂಜಿಯ ತುದಿಯ ಹನಿ ಮೊದಲು ದುಂಡಗಿರುತ್ತದೆ, ವೋಲ್ಟು ಏರಿದಂತೆ ಮೊನಚಾಗುತ್ತದೆ, ಆಮೇಲೆ ಅದರ ತುದಿಯಿಂದ ಕಣ್ಣಿಗೆ ಕಾಣದ ಎಳೆಯೊಂದು ಚಾಟಿಯ ಹಾಗೆ ಸುತ್ತಿ ಸುತ್ತಿ ಹಾರುತ್ತದೆ, ಹಾರುವ ದಾರಿಯಲ್ಲೇ ಕ್ಲೋರೋಫಾರ್ಮು ಆರಬೇಕು, ಹಾಳೆಯ ಮೇಲೆ ಬೀಳುವಷ್ಟರಲ್ಲಿ ಒಣ ಎಳೆ, ಒಂದು ಕೂದಲನ್ನು ಉದ್ದುದ್ದ ನೂರು ಸೀಳು ಮಾಡಿದರೆ ಒಂದು ಸೀಳಿನಷ್ಟು. ಮೊದಲ ಸಲ ನೋಡಿದಾಗ ಅವಳಿಗೆ ಎಷ್ಟು ಸಂತೋಷವಾಗಿತ್ತು, ಎರಡು ದಿನ ಊಟ ಬೇಡವಾಗಿತ್ತು, ಈಗಲೂ ಊಟ ಬೇಡ, ಕಾರಣ ಬೇರೆ. ಈ ಮಳೆಯಲ್ಲಿ ಎಳೆ ಹಸಿಯಾಗಿ ಬೀಳುತ್ತದೆ, ಗಂಟುಗಂಟಾಗಿ, ಒಂದಕ್ಕೊಂದು ಅಂಟಿ, ಅಲ್ಲಲ್ಲಿ ಅಂಟದೆ ಜೋತುಬಿದ್ದು, ಯಲ್ಲಾಲಿಂಗ ಬಗ್ಗಿ ನೋಡಿ ಅಂದಿದ್ದ, ಇದೇನ್ರಿ ಅಕ್ಕಾರ, ಹಸರು ಸುಂಬಳ ಇದ್ದಂಗೈತಿ, ಯಾರದರ ಮೂಗು ಸೀನಿಸಿ ತಂದೀರೇನು. ಅವಳು ನಕ್ಕಿರಲಿಲ್ಲ. ನಗು ಬರುವ ಮಾತೇ, ಆದರೆ ಅವನು ಅಂದಮೇಲೆ ಅದು ಸುಂಬಳವಾಗಿಯೇ ಉಳಿಯಿತು, ಚಾ ಕುಡಿಯುವಾಗಲೂ, ಸಾರಿಗೆ ರೊಟ್ಟಿ ಅದ್ದುವಾಗಲೂ. ಅದೇ ದಿನ ಭೂಮಿಯ ತಂತಿಯೂ ಸಡಿಲಾಗಿತ್ತು, ಉರುಳೆಗೆ ಹೋಗಬೇಕಾದ ಎಳೆ ಹತ್ತಿರ ನಿಂತವರ ಕಡೆಗೆ ತಿರುಗಿತು, ಎಳೆಗೆ ಯಾರಾದರೇನು, ಭೂಮಿಯ ಮೇಲೆ ಕಾಲೂರಿ ನಿಂತವರೆಲ್ಲ ಒಂದೇ, ಯಲ್ಲಾಲಿಂಗನ ಉಕ್ಕಿನ ಕಡಗಕ್ಕೆ ಹಸಿರು ರೋಮ ಬೆಳೆದಿತ್ತು, ಅವಳ ಮುಂಗೈಗೆ ಜೇಡ ಬಲೆ ನೇಯ್ದಂತೆ ಒಂದು ಪೊರೆ, ತಿಕ್ಕಿದರೆ ಸುರುಳಿಯಾಗಿ ಕೊಳೆಯಂತೆ ಬಂತು, ಮೂರು ಸಲ ಸೋಪು ಹಚ್ಚಿದರೂ ಮೈಯ ಮೇಲೆ ಏನೋ ಹರಿದಾಡುವುದು ಹೋಗಲಿಲ್ಲ. ಆ ತಂತಿ ಇಳಿದ, ಇದ್ದಲು ಉಪ್ಪು ತುಂಬಿದ ಗುಂಡಿಗೆ ಎರಡು ಕೊಡ ನೀರು ಸುರಿದು ಯಲ್ಲಾಲಿಂಗ ತಂತಿ ಬಿಗಿ ಮಾಡಿ ಬಂದ, ಭೂಮಿತಾಯಿಗೆ ಉಪ್ಪುನೀರು ಕುಡಿಸಿ ಬಂದೇನಿ, ಈಗ ಹಚ್ಚರಿ ಕರೆಂಟು. ಹಚ್ಚಿದಳು. ಹಸಿಯಾಗಿಯೇ ಬಿತ್ತು.

ಹೇಳಿದ್ದಳಲ್ಲ, ಹೇಳದೆ ಇದ್ದಳೇ, ಸರ್, ಇದನ್ನು ನಿರ್ವಾತ ಒಲೆಯಲ್ಲಿ ಎರಡು ದಿನ ಒಣಗಿಸಬೇಕು. ಒಲೆಯ ಪಂಪು ಕೆಟ್ಟು ನಾಲ್ಕು ತಿಂಗಳು. ಫ್ಯಾನಿನ ಕೆಳಗ ಇಡವಾ. ಫ್ಯಾನಿಗೆ ಆರೂದಿಲ್ಲ ಸರ್, ಒಳಗ ಕ್ಲೋರೋಫಾರ್ಮು ಉಳೀತೈತಿ, ಎಳಿ ಬಿಡ್ತೈತಿ. ಅಂಟುಪಟ್ಟಿಯ ಪರೀಕ್ಷೆ ಮಾಡಿ ತೋರಿಸಿದಳು, ಪಾರದರ್ಶಕ ಟೇಪಿನ ತುಂಡು, ಬಿಲ್ಲೆಯ ಮೇಲೆ ಒತ್ತಿ ಎತ್ತುವುದು, ಟೇಪು ಬಿಳಿಯಾಗಿ ಬಂದರೆ ಪಾಸು, ಹಸಿರಾಗಿ ಬಂದರೆ ನಾಪಾಸು, ಬಂದದ್ದು ಹೊಂಡದ ಪಾಚಿಯಂತೆ, ಸೂಕ್ಷ್ಮದರ್ಶಕದ ಕೆಳಗೆ ಕಿತ್ತ ಕೂದಲಿನ ಗುಡ್ಡೆ. ಸಂಗಮೇಶ ಸರ್ ಟೇಪನ್ನು ಬೆಳಕಿಗೆ ಹಿಡಿದು ನೋಡಿದರು, ನಕ್ಕರು, ಕೆಟ್ಟ ಮನುಷ್ಯರಲ್ಲ, ಹಬ್ಬಕ್ಕೆ ಶಿರಕುರ್ಮಾ ಕೇಳಿ ತಿನ್ನುವವರು, ಅವ್ವ ಅಖ್ತರಬೇಗಂಗೆ ಕಣ್ಣಿನ ಆಪರೇಶನ್ ಆದಾಗ ತಾವೇ ಕಾರು ಹೊಡೆದುಕೊಂಡು ಬಂದವರು, ಅದಕ್ಕೇ ಹೇಸಿಗೆಯಾಗುತ್ತದೆ, ಪೂರಾ ಕೆಟ್ಟವರಾಗಿದ್ದರೆ ಎಷ್ಟು ಸಲೀಸಿತ್ತು. ಇದು ಟೇಪಿಗೆ ಹತ್ತೈತಿ, ಮೂಗಿಗೇನ ಹತ್ತೂದಿಲ್ಲ ಬಿಡವಾ, ಮೂಗಿನಾಗ ಅಂಟು ಎಲ್ಲಿರ್ತೈತಿ. ಐದು ಮಿನಿಟಿನ ಕೆಲಸ. ಆಮ್ಯಾಲ ನೀ ಬೇಕಾದಷ್ಟು ಒಣಗಸು. ಇನ್ನೂ ಒಂದಿದೆ, ಬಿಲ್ಲೆಗೂ ಮೂಗಿಗೂ ನಡುವೆ ತೆಳ್ಳನೆ ಬಟ್ಟೆ ಇತ್ತು, ಎಳೆ ಉದುರಿದರೂ ತಡೆಯಲೆಂದು ಅವಳೇ ಹೊಲಿದದ್ದು, ನಿನ್ನೆ ಅದನ್ನೂ ತೆಗೆಸಿದರು, ಬಟ್ಟೆ ತೇವ ಕುಡಿಯುತ್ತದೆ, ಪರದೆಯ ಮೇಲೆ ಗುಡ್ಡ ಏಳುವುದಿಲ್ಲ, ಕಮಿಟಿಯವರು ಏನ ನೋಡ್ತಾರ, ನೆಲಾ ನೋಡ್ತಾರೇನು. ಅವಳೇ ಬ್ಲೇಡು ಹಿಡಿದು ಹೊಲಿಗೆ ಬಿಚ್ಚಿದಳು. ಬಿಚ್ಚಿದ ಕೈ ಇದು. ಪರೀಕ್ಷಾ ವರದಿಯಲ್ಲಿ ಎಳೆ ಉದುರುವಿಕೆ ಎಂಬ ಸಾಲಿನ ಮುಂದೆ ಇಲ್ಲ ಎಂದು ಬರೆದದ್ದೂ ಇದೇ ಕೈ, ಕೆಳಗೆ ಸಹಿ, ಅಲ್ಮಾಸ ಜಿ. ನದಾಫ, ಸಹಿಯ ಕೆಳಗೆ ಗೆರೆ ಕೂಡ ಎಳೆದಳು, ರೂಢಿ, ಹಸಿರು ಟೇಪನ್ನು ಮಡಚಿ ಮಡಚಿ ಕಡಲೆಯಷ್ಟು ಮಾಡಿ ಬುಟ್ಟಿಗೆ ಒಗೆದಳು, ಅಂಟು ಬೆರಳಿಗೆ ಉಳಿಯಿತು, ಆ ಬೆರಳಿನಿಂದ ತಾನು ಏನೇನು ಮುಟ್ಟಿದೆ, ಬಾಗಿಲ ಹಿಡಿ, ಬಸ್ಸಿನ ಸರಳು, ತಟ್ಟೆ, ಅಪ್ಪನ ಗುಳಿಗೆ ಡಬ್ಬಿ.

ಅಪ್ಪನ ಕೆಮ್ಮು ಗೊತ್ತು ಅವಳಿಗೆ, ನೂರು ಜನರ ನಡುವೆ ಕೆಮ್ಮಿದರೂ ಗುರುತು ಹಿಡಿಯುತ್ತಾಳೆ, ಮೊದಲು ಒಣ, ಆಮೇಲೆ ಬಾವಿಯ ತಳದಿಂದ ಕೊಡ ಎಳೆದಂತೆ ಒದ್ದೆ, ಆಮೇಲೆ ಖ್ಯಾಕರಿಕೆ, ಅಂಗಳದ ಮಣ್ಣಿನ ಮೇಲೆ ಬೀಳುವ ಕಫ, ಅದರಲ್ಲಿ ಬಿಳಿ ಎಳೆ ಇದ್ದವು ಎಂದು ಅವ್ವ ಪಕ್ಕದ ಮನೆಯ ಫಿರದೋಸಗೆ ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳು, ಎಂಟು ವರ್ಷದವಳು, ಹೋಗಿ ನೋಡಿದಳು ಸಹ, ನೋಡಬಾರದಿತ್ತು. ಸೂರಿಗೆ ತೂಗುಹಾಕಿದ ಹತ್ತಿ ಹಿಂಜುವ ಬಿಲ್ಲು, ಅದಕ್ಕೆ ಆಡಿನ ಕರುಳಿನ ತಂತಿ, ಮರದ ಗುಂಡಿನಿಂದ ಹೊಡೆದರೆ ಢಂಯ್ ಢಂಯ್, ಹತ್ತಿ ಎದ್ದು ಕುಣಿಯುತ್ತದೆ, ಅಪ್ಪನ ಹುಬ್ಬು ಬಿಳಿ, ಕಿವಿಯ ಮೇಲೆ ಬಿಳಿ, ಮೂವತ್ತಕ್ಕೇ ಮುದುಕ. ಹೊಸ ಹತ್ತಿ ಎಲ್ಲಿ ಬರುತ್ತಿತ್ತು ಅಷ್ಟು, ಬರುತ್ತಿದ್ದುದು ಹಳೆಯ ಗಾದಿ, ಊರವರು ಹತ್ತು ವರ್ಷ ಮಲಗಿ, ಬೆವರಿ, ಹಡೆದು, ಉಚ್ಚೆ ಹೊಯ್ದು ತಂದು ಒಗೆದವು, ಹರಿದು ಬಿಚ್ಚುವುದು ಅವಳ ಕೆಲಸ, ಕಲೆಗಳ ಮೇಲೆ ಕಲೆ, ತಗಣಿ, ಉದ್ದ ಕೂದಲು, ಒಮ್ಮೆ ಒಂದು ಹಲ್ಲು, ಮನುಷ್ಯರದು. ಸಾಲಿಗೆ ಹೋದರೆ ಹಿಂದಿನ ಬೆಂಚಿನವರು, ಬಂತಪಾ ಉಚ್ಚಿ ಗಾದಿ ಬಂತು, ಮೂಗು ಮುಚ್ಚರಿ. ಅದಕ್ಕೇ ಅಲ್ಲವೇ ರಸಾಯನಶಾಸ್ತ್ರ ಹಿಡಿದದ್ದು, ಗಾಜಿನ ಸಾಮಾನು, ಬಿಳಿ ಕೋಟು, ತೊಳೆದಿಟ್ಟ ಮೇಜು, ಹತ್ತಿಯಿಂದ ದೂರ, ಮೈವಾಸನೆಯಿಂದ ದೂರ — ದೂರ ದೂರ ಓಡಿ ಬಂದು ನಿಂತದ್ದು ಇಲ್ಲಿ, ಈ ಸುಂಬಳದ ಮುಂದೆ. ಆದರೆ ಆ ಹೊಲಸಿನ ನಡುವೆ ಅಪ್ಪನಿಗೊಂದು ನೇಮವಿತ್ತು, ಸತ್ತವರ ಗಾದಿಯ ಹತ್ತಿಯನ್ನು ಇನ್ನೊಬ್ಬರ ಗಾದಿಗೆ ಬೆರೆಸುತ್ತಿರಲಿಲ್ಲ, ಬೇರೆ ಗಂಟು ಕಟ್ಟಿ ಮಾಲಕರಿಗೇ ಒಯ್ದು ಕೊಡುತ್ತಿದ್ದ, ನೀವ ಸುಟ್ಟಬಿಡ್ರಿ ಅನ್ನುತ್ತಿದ್ದ. ಪೇಟೆಯ ಬಾಬುಲಾಲ ಸಾವಕಾರ, ಎಂಟು ತಿಂಗಳು ಹಾಸಿಗೆ ಹಿಡಿದು ತೀರಿಹೋದ ತಾಯಿಯ ಗಾದಿ ತಂದಿದ್ದ, ಮಗಳ ಮದುವೆಗೆ ಎರಡು ಗಾದಿ ಆಗಲಿ, ಮ್ಯಾಲೊಂದು ಪದರ ಹೊಸಾ ಹತ್ತಿ ಎಳದಬಿಡೋ ಗುಡುಸಾಬ, ಯಾರಿಗೆ ತಿಳೀತೈತಿ. ಅಪ್ಪ ಗುಂಡು ಕೆಳಗಿಟ್ಟು ಎದ್ದು ನಿಂತಿದ್ದ, ನನಗ ತಿಳೀತೈತ್ರಿ ಸಾವಕಾರ್ರ, ಮ್ಯಾಲ ಮಲಗಿದವರ ಮೂಗಿಗೂ ತಿಳೀತೈತಿ, ಹೊಲದು ಕೊಟ್ಟು ಹೊಸಾ ಅಂತ ಬಾಯಿಲೆ ಹೇಳಾಕ ನನ್ನಿಂದ ಆಗೂದಿಲ್ಲ, ಬ್ಯಾರೇ ಪಿಂಜಾರನ್ನ ನೋಡ್ರಿ. ಬಾಬುಲಾಲ ಬೈದ, ಪಿಂಜಾರಗ ಎಷ್ಟ ಸೊಕ್ಕು ನೋಡು ಅಂದ. ಆ ವರ್ಷವೆಲ್ಲ ಪೇಟೆಯ ಕೆಲಸ ಬರಲಿಲ್ಲ, ಅವ್ವ ಪರರ ಹೊಲಕ್ಕೆ ಕಳೆ ತೆಗೆಯಲು ಹೋದಳು, ಅಪ್ಪ ಒಂದು ದಿನವೂ ಆ ಮಾತು ತೆಗೆಯಲಿಲ್ಲ.

ಬಂದ. ಕಾರಿಡಾರಿನಲ್ಲೇ ಕೆಮ್ಮು, ಒಣದು, ಇನ್ನೂ ಒಣದು. ಬಿಳಿ ನೆಹರೂ ಅಂಗಿ, ಗಂಜಿ ಹಾಕಿ ಇಸ್ತ್ರಿ ಮಾಡಿಸಿದ್ದಾನೆ, ತಲೆಗೆ ಹೊಸ ಟೋಪಿ, ಮೀಸೆ ಕತ್ತರಿಸಿಕೊಂಡಿದ್ದಾನೆ, ಮದುವೆಗೆ ಬಂದವನ ಹಾಗೆ, ಬಾಗಿಲ ಬಳಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ, ಹೊರಗ ಕಟ್ಟಿದ ಬ್ಯಾನರಿನ ಮ್ಯಾಲ ನಿನ್ನ ಹೆಸರು ಹಾಕ್ಯಾರವಾ ಅಲ್ಮಾಸ, ಕೈಯಿಲೆ ಮುಟ್ಟಿ ಬಂದೇನಿ, ಏಟ ದೊಡ್ಡ ಅಕ್ಷರ. ಯಲ್ಲಾಲಿಂಗ ಕುರ್ಚಿ ಎಳೆದ, ಕುಂದರ್ರಿ ಕಾಕಾ, ಇವತ್ತ ನೀವ ಮದಿಮಗಾ. ಮದಿಮಗಾ ಅಂದರ ಹೆಣ್ಣು ಎಲ್ಲೈತೋ ತಮ್ಮಾ. ಈ ಮಶೀನ ನೋಡ್ರಿ, ಹದಿನೆಂಟು ಸಾವಿರ ವೋಲ್ಟಿನಾಕಿ, ಮುಟ್ಟಬ್ಯಾಡ್ರಿ ಮತ್ತ. ಅಪ್ಪ ನಕ್ಕ, ನಗುವೇ ಕೆಮ್ಮಾಗಿ ತಿರುಗಿತು, ಕರವಸ್ತ್ರ ಬಾಯಿಗೆ, ತೆಗೆದಾಗ ಅದನ್ನು ನೋಡದೆ ಮಡಚಿಟ್ಟುಕೊಂಡ. ಸಂಗಮೇಶ ಸರ್ ಎರಡೂ ಕೈ ಮುಗಿದರು, ಬರ್ರಿ ಗುಡುಸಾಬ, ನಿಮ್ಮ ಮಗಳು ನಮ್ಮ ಕಾಲೇಜಿನ ಹೆಸರು ಮ್ಯಾಲ ತಂದಾಳ. ಹೆಬ್ಬೆರಳು ನಾಲಿಗೆಗೆ, ಒಪ್ಪಿಗೆ ಪತ್ರ, ಇಂಗ್ಲಿಷಿನದು, ಮೂರು ಪುಟ, ನೀನ ಓದಿ ಹೇಳವಾ. ಅವಳು ಓದಿದಳು, ಮೊದಲ ಪುಟ ಕನ್ನಡದಲ್ಲಿ ಹೇಳಿದಳು, ಎರಡನೆಯ ಪುಟದ ನಡುವೆ ಉಸಿರಿನೊಂದಿಗೆ ಎಳೆ ಒಳಹೋಗುವ ಸಾಧ್ಯತೆ ಎಂಬ ಸಾಲು ಬಂತು, ಕಣ್ಣು ಅದರ ಮೇಲೆ ನಿಂತಿತು, ಬಾಯಿ ಮುಂದಿನ ಸಾಲಿಗೆ ಹೋಯಿತು. ಅಷ್ಟು ಸಲೀಸು. ಕಾಲುವೆ ದಾಟುವಾಗ ಒಂದು ಕಲ್ಲು ಬಿಟ್ಟು ಇನ್ನೊಂದರ ಮೇಲೆ ಹೆಜ್ಜೆ ಇಟ್ಟಂತೆ. ಅಪಾಯ ಏನಿಲ್ಲಪಾ ಅಂದಳು. ನೀ ಮಾಡಿದ್ದಂದಮ್ಯಾಲ ಅಪಾಯ ಎಲ್ಲೀದು ಅಂದ ಅವನು, ಪೆನ್ನು ಹಿಡಿದು ಒಂದೊಂದೇ ಅಕ್ಷರ ಕೂರಿಸಿದ, ಗು, ಡು, ಸಾ, ಬ, ಬರೆಯುವಾಗ ನಾಲಿಗೆಯ ತುದಿ ಹೊರಗೆ ಬಂದಿತ್ತು, ಅವಳು ಬೇರೆ ಕಡೆ ನೋಡಿದಳು, ಎಲ್ಲಿ ನೋಡಿದರೂ ಕೊಯ್ದ ನಿಂಬೆಹಣ್ಣು, ಅವುಗಳ ತೊಳೆಗಳು ಒದ್ದೆಯಾಗಿ ಮಿಣಮಿಣ ಎನ್ನುತ್ತಿದ್ದವು, ಒಂದರ ಮೇಲೆ ನೊಣ.

ಕಮಿಟಿ. ಕಾರಿನ ಬಾಗಿಲು, ಶಾಲು, ಹಾರ, ಗೋಡಂಬಿ, ಫೋಟೋ, ನಿಂಬೆಯ ವಾಸನೆ ಎಷ್ಟು ಚೆನ್ನಾಗಿದೆಯಲ್ಲ ಎಂದರು ಒಬ್ಬರು. ಮೂವರಲ್ಲಿ ಇಬ್ಬರು ಗಂಡಸರು ಸಂಗಮೇಶ ಸರ್ ತೋರಿಸುವ ಚಿತ್ರಗಳಿಗೆ ತಲೆಯಾಡಿಸುತ್ತ ಪರದೆಯ ಮುಂದೆ ನಿಂತರು, ಮೂರನೆಯವರು ವಿಜಯಲಕ್ಷ್ಮಿ ಮೇಡಂ, ವೈದ್ಯರಂತೆ, ಕನ್ನಡಕ ಹಣೆಗೆ ಏರಿಸಿ ಪರೀಕ್ಷಾ ವರದಿಯನ್ನು ಸಾಲು ಸಾಲಾಗಿ ಓದುತ್ತಿದ್ದಾರೆ. ಅಲ್ಮಾಸ ಅಪ್ಪನ ಪಕ್ಕ ತಂತಿ ಜೋಡಿಸುತ್ತಿದ್ದಳು, ಮಾಸ್ಕು ಅವನ ತೊಡೆಯ ಮೇಲಿತ್ತು, ಒಂದು ನಿಮಿಷ ಅವಳು ತಿರುಗಿದ್ದು, ಒಂದೇ ನಿಮಿಷ, ಆ ನಿಮಿಷದಲ್ಲಿ ಅವನ ಕೈ ತನ್ನ ಕೆಲಸ ಮಾಡಿತು, ನಲವತ್ತು ವರ್ಷದ ಕೈ, ಹತ್ತಿಯಂಥದ್ದು ಏನು ಸಿಕ್ಕರೂ ಸುಮ್ಮನಿರದು, ಬಿಲ್ಲೆಯ ಅಂಚನ್ನು ಉಗುರಿನಿಂದ ಎಬ್ಬಿಸಿ ಚಿಟಿಕೆಯಷ್ಟು ಕಿತ್ತು, ಹೆಬ್ಬೆರಳು ತೋರುಬೆರಳ ನಡುವೆ ಹಿಂಜಿ, ಕಿಟಕಿಯ ಬೆಳಕಿಗೆ ಹಿಡಿದು ಉಫ್ ಎಂದು ಊದಿದ, ಸಂತೆಯಲ್ಲಿ ಹತ್ತಿ ಕೊಳ್ಳುವಾಗ ಹೀಗೇ ಊದುತ್ತಿದ್ದ, ಹಾರಿ ಚದುರಿದರೆ ಒಣಗಿದ್ದು, ಉಂಡೆಯಾಗಿ ಬೆರಳಿಗೇ ಅಂಟಿದರೆ ಹಸಿ. ಅಂಟಿತು. ಅವನು ಬೆರಳನ್ನು ಮೂಗಿಗೆ ಹಿಡಿದ. ಅವಳು ತಿರುಗಿದಾಗ ಕಂಡದ್ದು ಇದು, ಅಪ್ಪ ಬೆರಳು ಮೂಸುತ್ತಿರುವುದು, ಬಿಲ್ಲೆಯ ಕಿತ್ತ ಜಾಗದಲ್ಲಿ ಹಸಿರು ನೂಲು ನೂಲಾಗಿ ಎದ್ದು ನಿಂತಿರುವುದು, ಗಾಳಿ ಇಲ್ಲದೆಯೂ ಅಲ್ಲಾಡುತ್ತಿರುವುದು. ಅವನು ತಲೆ ಎತ್ತಲಿಲ್ಲ, ತುಟಿಯಷ್ಟೇ ಅಲ್ಲಾಡಿತು, ಇದು ಹಸಿ ಐತಿ ಮಗಳ. ಹೂಂ. ಎಳಿ ಬಿಡ್ತೈತಿ. ಹೂಂ ಅಪ್ಪಾ. ನಿನಗ ಗೊತ್ತಿತ್ತೇನು. ಗೊತ್ತಿತ್ತು. ಹೊರಗೆ ಮಳೆ ತಗಡಿನ ಮೇಲೆ, ಸರ್ ಎಲ್ಲೋ ದೂರದಲ್ಲಿ ಸುಲಲಿತವಾಗಿ, ಗ್ರಾಮೀಣ ಭಾಗದ ಬಡ ರೋಗಿಗಳಿಗಾಗಿ ಎಂದು ಹೇಳುತ್ತಿದ್ದರು. ಹಾಕ್ಕೋಬ್ಯಾಡ ಅಪ್ಪಾ, ತಲಿ ತಿರಗಾಕತ್ತೈತಿ ಅಂದುಬಿಡು, ನಾ ನೋಡ್ಕೋತೇನಿ. ಅವನು ವರದಿಯ ಕಡೆ ಗದ್ದ ತೋರಿಸಿದ, ಆ ಕಾಗದದ ಮ್ಯಾಲ ಹೆಸರು ಯಾರದೈತಿ, ನಿಮ್ಮ ಸರ್‌ದೋ, ನಿಂದೋ. ನಂದು. ಬರೇ ನಿಂದ ಏನು. ಬರೇ ನಂದು. ಹಾಂ ಎಂದ, ಮಾತಲ್ಲ, ನೋವಿನದೂ ಅಲ್ಲ, ಲೆಕ್ಕ ತಿಳಿದವನ ಹಾಂ, ಎದ್ದು ನಿಂತ ನೂಲುಗಳನ್ನು ಹೆಬ್ಬೆರಳಿನಿಂದ ಸವರಿ ಸವರಿ ಮಲಗಿಸತೊಡಗಿದ, ಗಾದಿಯ ಅಂಚು ಮುಗಿಸುವಾಗ ಸವರುವಂತೆ, ಮೇಲಿನಿಂದ ನೋಡಿದವರಿಗೆ ಕಿತ್ತದ್ದು ಕಾಣದಂತೆ.

ಆಗಲೇ ಮೇಡಂ ಬಂದು ನಿಂತದ್ದು, ಕನ್ನಡಕ ಕಣ್ಣಿಗೆ ಇಳಿದಿತ್ತು. ಎಳೆ ಉದುರುವುದಿಲ್ಲ ಅಂತ ಬರೆದಿದ್ದೀರಿ, ಇಂಥ ಹವಾಮಾನದಲ್ಲಿ ಆಶ್ಚರ್ಯ, ಒಳಗೆ ಬಟ್ಟೆಯ ಪದರವೂ ಕಾಣೋದಿಲ್ಲ, ಪರೀಕ್ಷೆ ನೀವೇ ಮಾಡಿದ್ರಾ ಅಮ್ಮಾ. ಒಳ್ಳೆಯ ದನಿ, ಬೈಯುವ ದನಿಯಲ್ಲ, ಇಲ್ಲ ಎನ್ನಲು ಜಾಗ ಬಿಟ್ಟು ಕೇಳಿದ ದನಿ. ಪರದೆಯ ಮುಂದಿನ ಮಾತು ನಿಂತಿತು, ಸಂಗಮೇಶ ಸರ್ ತಿರುಗಿ ನೋಡಿದರು, ನಗು ಮುಖದ ಮೇಲೆ ಹಾಗೇ ಒಣಗಿತು. ಹೇಳು, ಅಲ್ಮಾಸ, ಈಗ ಹೇಳು, ಒಂದೇ ಮಾತು, ಉದುರುತ್ತದೆ ಮೇಡಂ, ಎರಡೇ ಪದ, ಆರು ವರ್ಷ ಹೋದರೆ ಹೋಗಲಿ, ಬಾಯಿ ತೆರೆದಳು, ತೆರೆದಿದ್ದಳು ನಿಜವಾಗಿಯೂ, ನಾಲಿಗೆ ಉ ಎಂಬಲ್ಲಿಗೆ ಬಂದಿತ್ತು — ಇಲ್ರೀ ಬಾಯಾರ, ಎಳಿ ಬಿಡೂದಿಲ್ಲ. ಅಪ್ಪ. ಕುರ್ಚಿಯಿಂದ ಎದ್ದು ನಿಂತಿದ್ದ. ನಾ ಈಗರ ಕೈಯಿಲೆ ಕಿತ್ತು ನೋಡೇನ್ರಿ, ನಾ ಜಾತಿಲೆ ಪಿಂಜಾರ, ನಲವತ್ತು ವರ್ಷ ಎಳಿಯೊಳಗ ಕೈ ಆಡಿಸೇನಿ, ಹಸೀದು ಯಾವುದು ಒಣಾದು ಯಾವುದು ನನಗ ಬೆರಳಿಗೆ ತಿಳೀತೈತಿ, ಇದು ಒಣಗಿದ್ದ ಐತ್ರಿ, ಪಕ್ಕಾ ಮಾಲು. ಮೇಡಂ ಅವನನ್ನು ನೋಡಿದರು, ಬಿಳಿ ಅಂಗಿ, ಹೊಸ ಟೋಪಿ, ನಲವತ್ತು ವರ್ಷ, ಅವರ ಮುಖ ಸಡಿಲಾಯಿತು, ಇವರಿಗಿಂತ ದೊಡ್ಡ ಪರೀಕ್ಷಕರು ಬೇಕಾ ನಮಗೆ ಎಂದರು, ಎಲ್ಲರೂ ನಕ್ಕರು, ಸಂಗಮೇಶ ಸರ್ ಎಲ್ಲರಿಗಿಂತ ಜೋರಾಗಿ ನಕ್ಕರು, ಹಂಗ ಹೇಳ್ರಿ ಗುಡುಸಾಬ. ಯಲ್ಲಾಲಿಂಗನೊಬ್ಬ ನಗಲಿಲ್ಲ, ಕೈಯಲ್ಲಿದ್ದ ಚಾದ ತಟ್ಟೆ ಹಾಗೇ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದ. ಬಾಬುಲಾಲನ ಮುಂದೆ ಬರದ ಮಾತು, ಒಂದು ವರ್ಷ ಅವ್ವ ಕಳೆ ತೆಗೆದರೂ ಬರದ ಮಾತು, ಎಷ್ಟು ಸಲೀಸಾಗಿ ಬಂತು, ತಡವರಿಸಲಿಲ್ಲ, ಅವಳಿಗಾಗಿ, ಅವಳ ಗೆರೆ ಎಳೆದ ಸಹಿಗಾಗಿ, ಇದು ಅಪ್ಪನ ಸುಳ್ಳಲ್ಲ, ತಾನೇ ಅವನ ಬಾಯಿಗೆ ಕೈ ಹಾಕಿ ಇಟ್ಟದ್ದು, ಹೇಸಿ, ಹೇಸಿ, ಅವಳ ಮೈಯೆಲ್ಲ ಆ ದಿನ ಎಳೆ ಅಂಟಿದ ಮುಂಗೈಯಾಗಿತ್ತು. ಅವನು ಕೂತ. ಮಾಸ್ಕನ್ನು ತಾನೇ ಎತ್ತಿ ಮುಖಕ್ಕಿಟ್ಟುಕೊಂಡ, ಲಾಡಿ ಕಟ್ಟವಾ ಅಂದ, ಒಳಗಿನಿಂದ ದನಿ ಗೂಡಿನಲ್ಲಿ ಮಾತಾಡಿದಂತೆ ಬಂತು, ಅವಳ ಕೈ ಕಟ್ಟಿತು, ಟೋಪಿ ಜಾರದಂತೆ ಎರಡು ಗಂಟು, ಕಿವಿಯ ಹಿಂದಿನ ಚರ್ಮ ಬಿಸಿಯಾಗಿತ್ತು. ಉಸುರು ಬಿಡ್ರಿ, ಜೋರಾಗಿ, ಅಂದರು ಸರ್. ಬಿಟ್ಟ. ಪರದೆಯ ಮೇಲೆ ಗುಡ್ಡ. ಎಳಕೊಳ್ರಿ. ಕೊಳ್ಳ. ಎದೆ ಕೆಟ್ಟವನ ಗಿಡ್ಡ ಗುಡ್ಡವೇ, ಆದರೆ ಬಟ್ಟೆ ಇಲ್ಲದ್ದಕ್ಕೆ ಎಷ್ಟು ಸ್ಪಷ್ಟ, ಇಂಥದ್ದು ಆರು ವರ್ಷದಲ್ಲಿ ಬಂದಿರಲಿಲ್ಲ, ಯಾರೋ ಚಪ್ಪಾಳೆ ಹೊಡೆದರು, ಎಲ್ಲರೂ ಪರದೆ ನೋಡುತ್ತಿದ್ದಾರೆ, ಅವಳೊಬ್ಬಳು ಮಾಸ್ಕು ನೋಡುತ್ತಿದ್ದಾಳೆ, ತಿಳಿ ಪ್ಲಾಸ್ಟಿಕ್ಕಿನ ಒಳಗೆ ಮೇಲ್ದುಟಿ, ಕತ್ತರಿಸಿದ ಬಿಳಿ ಮೀಸೆ, ಮೀಸೆಯ ಮೇಲೆ ಎಡ ಹೊಳ್ಳೆಯ ಅಂಚಿಗೆ ಅಂಟಿ ದಪ್ಪಗಾದ ಒಂದು ಹಸಿರು ಎಳೆ, ಒಂದೇ, ಅವನು ಮಲಗಿಸಿದ್ದು ಮತ್ತೆ ಎದ್ದಿದೆ. ಉಸಿರು ಬಿಟ್ಟ, ಮಂಜು ಕವಿಯಿತು, ಏನೂ ಕಾಣದು, ಗುಡ್ಡ. ಉಸಿರೆಳೆದ, ಮಂಜು ಸರಿಯಿತು, ಎಳೆ ಹೊಳ್ಳೆಯ ಕಡೆಗೆ ಬಾಗಿತು. ಇನ್ನೂ ಜೋರಾಗಿ ಗುಡುಸಾಬ, ನಿಮ್ಮ ಮಗಳ ಸಲುವಾಗಿ, ಸರ್ ಹೇಳುತ್ತಿದ್ದಾರೆ, ಅವನು ಕಣ್ಣು ಮುಚ್ಚಿ ಎದೆ ತುಂಬ ಎಳೆಯುತ್ತಿದ್ದಾನೆ, ಕೆಮ್ಮು ತಡೆದು, ಕುತ್ತಿಗೆಯ ನರ ಉಬ್ಬಿದೆ, ಅವಳ ಕೈ ಗಂಟಿನ ಮೇಲಿದೆ, ಎಳೆದರೆ ಬಿಚ್ಚುತ್ತದೆ, ಕೈ ಅಲ್ಲೇ ಇದೆ. ಮಂಜು ಕವಿಯಿತು. ಮಂಜು ಸರಿಯಿತು, ಹೊಳ್ಳೆಯ ಅಂಚಿನಲ್ಲಿ ಎಳೆ, ಅರ್ಧ ಒಳಗೆ. ಮಂಜು ಕವಿಯಿತು. ಮಂಜು ಸರಿಯಿತು, ಹೊಳ್ಳೆಯ ಅಂಚಿನಲ್ಲಿ ಎಳೆಯ ತುದಿ. ಮಂಜು ಕವಿಯಿತು. ಮಂಜು ಸರಿಯಿತು, ಹೊಳ್ಳೆಯ ಅಂಚು, ಬಿಳಿ ಮೀಸೆ, ಎಳೆ ಇಲ್ಲ.